ಪರರ ಮನೆಯಲ್ಲಿ ಒಂದು ವರ್ಷ: ವಿನಿಮಯ ವಿದ್ಯಾರ್ಥಿಯ ದಿನಚರಿ

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಕನ್ನಡದಲ್ಲಿ ದೇಶ ಸುತ್ತಿ ಬಂದವರು ಬರೆದ ಕೋಶಗಳಿಗೂ ಕೊರತೆಯಿಲ್ಲ. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ', ಬಿ. ಜಿ. ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ 'ಅಮೆರಿಕಾದಲ್ಲಿ ಗೊರೂರು', ಇವುಗಳನ್ನು ನಮ್ಮ ಶಾಲೆಯ ಅಧ್ಯಾಪಕರು ಮಕ್ಕಳಿಗೆ ಓದಲು ಹೇಳುತ್ತಲೇ ಬಂದಿದ್ದಾರೆ. ಆದರೆ ಈ ಮಹನೀಯರೆಲ್ಲರೂ ವಿದೇಶಕ್ಕೆ ಹೋದಾಗ ಪ್ರೌಢರು. ತಮ್ಮ ನುಡಿ, ನಡೆ, ನಂಬಿಕೆಗಳು ಗಟ್ಟಿಗೊಂಡ ಮೇಲೆ ಹೋದವರು. ಹದಿನೈದು, ಹದಿನಾರು ವರ್ಷದ ಬಾಲಕನೋ ಬಾಲಕಿಯೋ ಪರದೇಶದ ಅಪರಿಚಿತರ ಮನೆಯಲ್ಲಿ, ಆ ಮನೆಯ ಮಗುವಿನಂತೆ ಒಂದು ವರ್ಷ ಇದ್ದು, ಅಲ್ಲಿಯ ಶಾಲೆಯಲ್ಲಿ ಕಲಿತು ಬರುವುದು ಇದಕ್ಕಿಂತ ಬೇರೆಯಾದ ಸಂಗತಿ. ಸುತ್ತುವುದು ಬೇರೆ, ಬಾಳುವುದು ಬೇರೆ.

ರಾಜಾಜಿನಗರವು 1949ರ ಸುಮಾರಿಗೆ ಕೈಗಾರಿಕಾ ಉಪನಗರವಾಗಿ ಹುಟ್ಟಿದ ಬಡಾವಣೆ. ಊರು ಬಿಟ್ಟು ಕೆಲಸವನ್ನರಸಿ ಬಂದವರು ಇಲ್ಲಿ ಮನೆ ಮಾಡಿದರು. ಅವರ ಮಕ್ಕಳು ಕಲಿತು ಇಂಜಿನಿಯರುಗಳೂ ವೈದ್ಯರೂ ಆದರು; ಮೊಮ್ಮಕ್ಕಳಲ್ಲಿ ಕೆಲವರು ಶಾಲೆಯಲ್ಲಿರುವಾಗಲೇ ಹೊರದೇಶದ ಕನಸು ಕಾಣುತ್ತಿದ್ದಾರೆ. ವಿನಿಮಯ ಯೋಜನೆಯ ಮಾತು ಬಂದೊಡನೆ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕು: ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಅದು ಏನು ತಿನ್ನುತ್ತದೆ? ಓದಿನಲ್ಲಿ ಒಂದು ವರ್ಷ ಹಾಳಾಗುವುದಿಲ್ಲವೆ? ಹಿಂದಿರುಗಿ ಬಂದಾಗ ಅದು ನಮ್ಮ ಮಗುವಾಗಿಯೇ ಉಳಿದಿರುತ್ತದೆಯೆ? ಈ ಪ್ರಶ್ನೆಗಳು ಸಣ್ಣವಲ್ಲ. ಇವುಗಳಿಗೆ ಉತ್ತರ ಹುಡುಕುವುದೇ ಈ ಕಿರು ಲೇಖನದ ಉದ್ದೇಶ.

ಯೋಜನೆಯ ಹಿನ್ನೆಲೆ

ವಿದ್ಯಾರ್ಥಿ ವಿನಿಮಯದ ಹಿಂದೆ ಯುದ್ಧದ ನೋವು ಇದೆ ಎಂಬುದನ್ನು ಬಹುಮಂದಿ ಅರಿಯರು. ಒಂದನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಅಮೆರಿಕದ ಸ್ವಯಂಸೇವಕರು ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳನ್ನು ಆಂಬುಲೆನ್ಸ್ ವಾಹನಗಳಲ್ಲಿ ಸಾಗಿಸಲು 'ಅಮೆರಿಕನ್ ಫೀಲ್ಡ್ ಸರ್ವಿಸ್' ಎಂಬ ದಳವನ್ನು ಕಟ್ಟಿದರು. ಎ. ಪಿಯಾಟ್ ಆಂಡ್ರೂ ಅದರ ಸ್ಥಾಪಕರು. ಎರಡನೆಯ ಮಹಾಯುದ್ಧದಲ್ಲಿಯೂ ಈ ದಳ ಸೇವೆ ಸಲ್ಲಿಸಿತು. ಸಾವನ್ನು ಕಣ್ಣಾರೆ ಕಂಡ ಆ ಚಾಲಕರು ಯುದ್ಧ ಮುಗಿದ ಮೇಲೆ, ಸ್ಟೀಫನ್ ಗಲಾಟಿಯವರ ಮುಂದಾಳುತನದಲ್ಲಿ, ಒಂದು ತೀರ್ಮಾನಕ್ಕೆ ಬಂದರು: ದೇಶದೇಶಗಳ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದರೆ ಮುಂದೆ ಒಬ್ಬರ ಮೇಲೊಬ್ಬರು ಕೈಯೆತ್ತುವುದು ಕಷ್ಟವಾದೀತು. 1947ರಲ್ಲಿ ಹತ್ತು ದೇಶಗಳ 52 ವಿದ್ಯಾರ್ಥಿಗಳು ಅಮೆರಿಕದ ಮನೆಗಳಿಗೆ ಬಂದಿಳಿದರು. ಇಂದು ಎ.ಎಫ್.ಎಸ್. ಎಂಬ ಹೆಸರಿನಿಂದ ಭಾರತದಲ್ಲಿಯೂ ಕೆಲಸ ಮಾಡುತ್ತಿರುವ ಸಂಸ್ಥೆಯ ಶಾಲಾ ವಿನಿಮಯ ಕಾರ್ಯದ ಮೊದಲು ಇದು.

ರೋಟರಿ ಸಂಸ್ಥೆಯ ಯುವ ವಿನಿಮಯವು ಇದಕ್ಕೂ ಹಳೆಯದು. ಅದರ ಬೇರು 1920ರ ದಶಕದ ಯೂರೋಪಿನಲ್ಲಿದೆ. ಅದರ ದೀರ್ಘಾವಧಿ ಯೋಜನೆಯಲ್ಲಿ ವಿದ್ಯಾರ್ಥಿಯು ಒಂದು ವರ್ಷದಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುತ್ತಾನೆ. 2001ರ ಸೆಪ್ಟೆಂಬರ್ 11ರ ದುರಂತದ ಮರುವರ್ಷ, 2002ರಲ್ಲಿ, ಅಮೆರಿಕದ ಸರ್ಕಾರವು ತನ್ನ ಸೆನೆಟರುಗಳಾದ ಕೆನಡಿ ಮತ್ತು ಲೂಗರ್ ಅವರ ಹೆಸರಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆಂದು ಒಂದು ವಿದ್ಯಾರ್ಥಿವೇತನವನ್ನು ಆರಂಭಿಸಿತು. ಮುಂದಿನ ವರ್ಷಗಳಲ್ಲಿ ಭಾರತದ ಮಕ್ಕಳೂ ಅದರಡಿ ಹೋಗಿಬಂದರು. ಇಂಥ ಸರ್ಕಾರಿ ವೇತನಗಳು ಆಯಾ ವರ್ಷದ ಆಯವ್ಯಯವನ್ನು ಅವಲಂಬಿಸುವುದರಿಂದ, ಅರ್ಜಿ ಹಾಕುವ ವರ್ಷದಲ್ಲಿಯೇ ವಿಚಾರಿಸಿಕೊಳ್ಳುವುದು ಕ್ಷೇಮ.

ಮನೆ ಎಂಬುದು

ಮೊದಲನೆಯ ಪ್ರಶ್ನೆಗೆ ಬರೋಣ. ಅಮೆರಿಕದ ಕಾನೂನಿನ ಪ್ರಕಾರ ಪ್ರೌಢಶಾಲಾ ವಿನಿಮಯ ವಿದ್ಯಾರ್ಥಿಗೆ ಯೋಜನೆ ಆರಂಭವಾಗುವಾಗ ಹದಿನೈದು ವರ್ಷ ತುಂಬಿರಬೇಕು, ಹದಿನೆಂಟೂವರೆ ಮೀರಿರಬಾರದು. ಶಿಶುವಿಹಾರವನ್ನು ಬಿಟ್ಟು ಹನ್ನೊಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷಣವನ್ನು ಮುಗಿಸಿರಬಾರದು. ಮಗುವನ್ನು ಇಟ್ಟುಕೊಳ್ಳುವ ಮನೆಯವರ ನಡತೆಯ ಪೂರ್ವಚರಿತ್ರೆಯನ್ನು ಪರಿಶೀಲಿಸಬೇಕು. ಮನೆಗೇ ಹೋಗಿ ನೋಡಬೇಕು. ಮಗುವಿಗೆ ಅದರದೇ ಆದ ಹಾಸಿಗೆ ಇರಬೇಕು. ಯೋಜನೆಯ ಸ್ಥಳೀಯ ಸಂಯೋಜಕರು ತಿಂಗಳಿಗೊಮ್ಮೆಯಾದರೂ ಮಗುವನ್ನೂ ಮನೆಯವರನ್ನೂ ಮಾತನಾಡಿಸಬೇಕು. ಇವೆಲ್ಲಕ್ಕಿಂತ ನಮ್ಮ ಗಮನ ಸೆಳೆಯುವ ನಿಯಮ ಇನ್ನೊಂದಿದೆ: ಆತಿಥೇಯ ಕುಟುಂಬಕ್ಕೆ ಇದಕ್ಕಾಗಿ ಹಣ ಕೊಡುವಂತಿಲ್ಲ. ಒಂದು ವರ್ಷದ ಊಟ, ವಸತಿ, ಅಕ್ಕರೆ ಎಲ್ಲವೂ ಬೆಲೆಯಿಲ್ಲದೆ ಸಲ್ಲತಕ್ಕವು.

ಈ ನಿಯಮವನ್ನು ಓದಿದಾಗ ನಮ್ಮ ನಾಡಿನವರಿಗೆ ದಾಸೋಹದ ನೆನಪಾಗದಿರದು. ಹಳ್ಳಿಯಿಂದ ಟ್ರಂಕು ಹೊತ್ತು ಬಂದ ಹುಡುಗನಿಗೆ ಮಠದ ಪ್ರಸಾದನಿಲಯವು ಯಾವ ಲೆಕ್ಕವನ್ನೂ ಇಡದೆ ಎಲೆ ಹಾಕಿದ್ದನ್ನು ಈ ಸಂಚಿಕೆಯ ಓದುಗರಲ್ಲಿ ಅನೇಕರು ಸ್ವತಃ ಉಂಡು ಬಲ್ಲರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು (1907-2019) ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನು ನೀಡಿದ್ದು, ಶಿರಸಂಗಿ ಲಿಂಗರಾಜರು (1861-1906) ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆಂದು ಬರೆದಿಟ್ಟದ್ದು ಎಲ್ಲರೂ ತಿಳಿದ ವಿಷಯ. ಪರರ ಮಗುವನ್ನು ತನ್ನದೆಂದು ಸಾಕುವ ಧರ್ಮ ಸಮುದ್ರದಾಚೆಯೂ ಇದೆ ಎಂದು ತಿಳಿಯುವುದೇ ವಿನಿಮಯದ ಮೊದಲ ಪಾಠ.

ಹಾಗೆಂದು ಎಲ್ಲ ಮನೆಗಳೂ ಎಲ್ಲ ಮಕ್ಕಳಿಗೂ ಒಗ್ಗುತ್ತವೆ ಎಂದಲ್ಲ. ಒಗ್ಗದಿದ್ದರೆ ಮನೆಯನ್ನು ಬದಲಾಯಿಸುವ ಅವಕಾಶವಿದೆ. 'ಅನ್ನ ಹಾಕಿದವರ ಮೇಲೆ ದೂರು ಹೇಳಬಾರದು' ಎಂಬ ನಮ್ಮ ಸಂಕೋಚವನ್ನು ಮಕ್ಕಳು ಅಲ್ಲಿಗೆ ಹೊತ್ತೊಯ್ಯಬಾರದು. ಭಯವೋ ಅಗೌರವವೋ ಉಂಟಾದಾಗ ಸಂಯೋಜಕರಿಗೆ ಆ ದಿನವೇ ತಿಳಿಸಬೇಕೆಂದು ಹೊರಡುವ ಮುನ್ನ ತಂದೆತಾಯಿಗಳೇ ಸ್ಪಷ್ಟವಾಗಿ ಹೇಳಿ ಕಳುಹಿಸಬೇಕು. ಸಂಯೋಜಕರು ಕಿವಿಗೊಡದಿದ್ದರೆ ನೇರವಾಗಿ ತಿಳಿಸಲು ಅಲ್ಲಿಯ ವಿದೇಶಾಂಗ ಇಲಾಖೆಯ ದೂರವಾಣಿ ಸೌಲಭ್ಯವೂ ಇದೆ.

ಬೆಳಗಿನಿಂದ ರಾತ್ರಿಯವರೆಗೆ

ಇನ್ನು ದಿನಚರಿ. ಅಮೆರಿಕದ ಅನೇಕ ಪ್ರೌಢಶಾಲೆಗಳು ಬೆಳಿಗ್ಗೆ ಏಳೂವರೆ, ಎಂಟರೊಳಗೆ ಆರಂಭವಾಗುತ್ತವೆ. ಚಳಿಗಾಲದಲ್ಲಿ ಕತ್ತಲು ಹರಿಯುವ ಮುನ್ನವೇ ವಿದ್ಯಾರ್ಥಿಯು ರಸ್ತೆಯ ಅಂಚಿನಲ್ಲಿ ಹಳದಿ ಬಣ್ಣದ ಶಾಲಾ ಬಸ್ಸಿಗಾಗಿ ಕಾಯಬೇಕು. ಆ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದಾಗ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎರಡು ಕಡೆಯ ವಾಹನಗಳೂ ನಿಲ್ಲಬೇಕು; ಮಗು ದಾಟುವ ತನಕ ಯಾರೂ ಕದಲುವಂತಿಲ್ಲ. ನವರಂಗ್ ವೃತ್ತದಲ್ಲಿ ರಸ್ತೆ ದಾಟಿ ಅಭ್ಯಾಸವಾದ ನಮ್ಮ ಮಕ್ಕಳಿಗೆ ಇದು ಸೋಜಿಗ. ಆದರೆ ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುವುದರಿಂದ, ದಾಟುವಾಗ ಮೊದಲು ಎಡಕ್ಕೆ ನೋಡಬೇಕೆಂಬುದನ್ನು ಮರೆಯಬಾರದು.

ಶಾಲೆಯಲ್ಲಿ ಅಧ್ಯಾಪಕರು ತಮ್ಮ ಕೊಠಡಿಯಲ್ಲಿಯೇ ಇರುತ್ತಾರೆ. ಗಂಟೆ ಬಾರಿಸಿದಾಗ ವಿದ್ಯಾರ್ಥಿಗಳು ಕೊಠಡಿಯಿಂದ ಕೊಠಡಿಗೆ ಹೋಗುತ್ತಾರೆ. ಪುಸ್ತಕಗಳನ್ನಿಡಲು ಗೋಡೆಯಲ್ಲಿ ಲಾಕರು. ಅಧ್ಯಾಪಕರನ್ನು ಕೇವಲ 'ಸರ್', 'ಮಿಸ್' ಎನ್ನದೆ ಅವರ ಕುಲನಾಮ ಸೇರಿಸಿ 'ಮಿಸ್ಟರ್' ಇಂಥವರು, 'ಮಿಸೆಸ್' ಇಂಥವರು ಎಂದು ಕರೆಯುವುದು ವಾಡಿಕೆ. ಅವರು ಒಳಬಂದಾಗ ಎದ್ದು ನಿಲ್ಲುವ ಪದ್ಧತಿಯಿಲ್ಲ. ಬೆಳಿಗ್ಗೆ ಅನೇಕ ಶಾಲೆಗಳಲ್ಲಿ ಅವರ ರಾಷ್ಟ್ರಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುತ್ತಾರೆ. ನಾಡಗೀತೆ, ರಾಷ್ಟ್ರಗೀತೆಗಳನ್ನು ಹಾಡಿ ಬೆಳೆದ ನಮ್ಮ ಮಗು ಏನು ಮಾಡಬೇಕು? ಯಾವ ವಿದ್ಯಾರ್ಥಿಯನ್ನೂ ಬಲವಂತವಾಗಿ ಪ್ರತಿಜ್ಞೆ ಮಾಡಿಸಬಾರದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ 1943ರಲ್ಲಿ ತೀರ್ಪಿತ್ತಿದೆ. ಗೌರವದಿಂದ ಮೌನವಾಗಿ ನಿಂತರೆ ಸಾಕು. ಅದು ಅತಿಥಿಗೂ ತಕ್ಕದ್ದು, ಸ್ವಾಭಿಮಾನಿಗೂ ತಕ್ಕದ್ದು.

ಪಾಠಕ್ರಮದಲ್ಲಿಯೂ ಭೇದವಿದೆ. ಹತ್ತನೆಯ ತರಗತಿಯ ಒಂದು ಪರೀಕ್ಷೆಯ ಮೇಲೆ ವರ್ಷದ ಬದುಕನ್ನೆಲ್ಲ ನಿಲ್ಲಿಸುವುದು ನಮ್ಮ ಕ್ರಮ. ಅಲ್ಲಿ ಮನೆಗೆಲಸ, ಸಣ್ಣ ಪರೀಕ್ಷೆ, ಪ್ರಯೋಗ, ಪ್ರಬಂಧ, ತರಗತಿಯಲ್ಲಿ ಆಡಿದ ಮಾತು ಎಲ್ಲಕ್ಕೂ ಅಂಕವಿದ್ದು, ಒಟ್ಟುಗೂಡಿ ಫಲಿತಾಂಶವಾಗುತ್ತದೆ. ನಮ್ಮ ಮಕ್ಕಳು ಗಣಿತದಲ್ಲಿ ಎಡವುವುದು ಕಡಿಮೆ, 'ನಿನ್ನ ಅಭಿಪ್ರಾಯವೇನು?' ಎಂಬ ಪ್ರಶ್ನೆಗೆ ತಡವರಿಸುತ್ತಾರೆ. ಪುಸ್ತಕದ ವಾಕ್ಯವನ್ನು ಹಾಗೆಯೇ ಬರೆದರೆ ಇಲ್ಲಿ ಪೂರ್ಣಾಂಕ ಸಿಕ್ಕೀತು. ಅಲ್ಲಿ ಅದು ಕಳವು ಎನಿಸಿ ಶಿಕ್ಷೆಗೆ ಗುರಿಯಾದೀತು. ಇದನ್ನು ಅಧ್ಯಾಪಕರಾದ ನಾವು ಮೊದಲೇ ಹೇಳಿಕೊಡಬೇಕು.

ಮಧ್ಯಾಹ್ನ ಎರಡೂವರೆ, ಮೂರರ ಹೊತ್ತಿಗೆ ಪಾಠ ಮುಗಿಯುತ್ತದೆ. ಅನಂತರ ಆಟ, ವಾದ್ಯವೃಂದ, ನಾಟಕ. ಗೆಳೆತನ ಬೆಳೆಯುವುದು ಬಹುಮಟ್ಟಿಗೆ ಇಲ್ಲಿಯೇ. ಸಂಜೆ ಆರರ ಸುಮಾರಿಗೆ ರಾತ್ರಿಯ ಊಟ. ಊಟವಾದ ಮೇಲೆ ತಟ್ಟೆ ತೊಳೆಯುವ ಯಂತ್ರಕ್ಕೆ ತುಂಬುವುದು, ವಾರಕ್ಕೊಮ್ಮೆ ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದು, ಹುಲ್ಲು ಕತ್ತರಿಸುವುದು, ಹಿಮ ಬಿದ್ದಾಗ ಬಾಗಿಲ ಮುಂದಿನ ದಾರಿ ತೆರವು ಮಾಡುವುದು, ಇವೆಲ್ಲ ಮನೆಯ ಮಕ್ಕಳ ಪಾಲಿನ ಕೆಲಸಗಳು. ಗಂಡು ಮಗು ಎಂಬ ವಿನಾಯಿತಿ ಇಲ್ಲ. ಜಪಾನಿಗೆ ಹೋದ ವಿದ್ಯಾರ್ಥಿಯು ಇನ್ನೂ ಒಂದು ಹೆಜ್ಜೆ ಮುಂದೆ ಕಾಣುತ್ತಾನೆ: ಅಲ್ಲಿಯ ಶಾಲೆಗಳಲ್ಲಿ ತರಗತಿಯ ನೆಲವನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ. ಕಾಯಕವನ್ನು ಕುರಿತು ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಹುಡುಗನು ತನ್ನ ತಟ್ಟೆಯನ್ನು ತಾನೆಂದೂ ತೊಳೆದಿಲ್ಲವೆಂದು ಪರದೇಶದಲ್ಲಿ ಅರಿತುಕೊಂಡರೆ, ಆ ಅರಿವಿಗೆ ಪ್ರಯಾಣದ ವೆಚ್ಚ ಹೆಚ್ಚೇನಲ್ಲ.

ಊಟ, ಉಪಚಾರ ಮತ್ತು ಮಾತು

ಎರಡನೆಯ ಪ್ರಶ್ನೆ ಆಹಾರದ್ದು. ಶಾಲೆಯ ಊಟದ ಮನೆಯಲ್ಲಿ ಸಸ್ಯಾಹಾರಿಗೆ ಹಾಲು, ಹಣ್ಣು, ಹಸಿ ತರಕಾರಿ, ಗಿಣ್ಣು ಹಾಕಿದ ಪಿಜ್ಜಾ, ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು ಸಿಗುತ್ತವೆ. ಆದರೆ ಎಚ್ಚರ ಬೇಕು. ತರಕಾರಿ ಸಾರು ಎಂದು ಕಾಣುವುದನ್ನು ಕೋಳಿಯ ರಸದಲ್ಲಿ ಬೇಯಿಸಿರಬಹುದು. ಬಣ್ಣಬಣ್ಣದ ಜೆಲ್ಲಿಯಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು. ಸಿಹಿ ತಿನಿಸುಗಳಲ್ಲಿ ಮೊಟ್ಟೆ ಸಾಮಾನ್ಯ. ಅರ್ಜಿಯಲ್ಲಿ 'ಸಸ್ಯಾಹಾರಿ' ಎಂದು ಬರೆದರೆ ಸಾಲದು. ಮೊಟ್ಟೆ ತಿನ್ನುತ್ತೇನೆಯೋ ಇಲ್ಲವೋ, ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದನ್ನು ಉಣ್ಣಬಲ್ಲೆನೋ ಇಲ್ಲವೋ ಎಂದು ಬಿಡಿಸಿ ಬರೆಯಬೇಕು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅವರ ಕೃತಜ್ಞತಾ ಹಬ್ಬ. ಮೇಜಿನ ನಡುವೆ ಟರ್ಕಿ ಕೋಳಿ ಇರುತ್ತದೆ. ನಮ್ಮ ಮಗು ಮುಖ ಸಿಂಡರಿಸದೆ, ಆಲೂಗೆಡ್ಡೆ, ಜೋಳ, ಬ್ರೆಡ್ಡುಗಳನ್ನು ಉಂಡು ಅವರ ಸಂತೋಷದಲ್ಲಿ ಪಾಲುಗೊಳ್ಳಬಹುದು. ಒಂದು ಭಾನುವಾರ ತಾನೇ ಉಪ್ಪಿಟ್ಟನ್ನೋ ಚಿತ್ರಾನ್ನವನ್ನೋ ಮಾಡಿ ಬಡಿಸಿದರೆ ಮನೆಯವರ ಕುತೂಹಲವೂ ತಣಿಯುತ್ತದೆ, ತನ್ನ ಹೊಟ್ಟೆಯೂ ತಣಿಯುತ್ತದೆ. ಹೊರಡುವ ಮುನ್ನ ನಾಲ್ಕು ಅಡಿಗೆಗಳನ್ನು ಅಮ್ಮನಿಂದ ಕಲಿತಿರುವುದು ಇಂಗ್ಲಿಷ್ ಕಲಿತಷ್ಟೇ ಅಗತ್ಯ. ಇಷ್ಟಲಿಂಗಪೂಜೆಯ ನಿಯಮವಿರುವ ಮಕ್ಕಳು ಬೆಳಿಗ್ಗೆ ಹದಿನೈದು ನಿಮಿಷ ತಮಗೆ ಏಕಾಂತ ಬೇಕೆಂದು ಮೊದಲ ದಿನವೇ ವಿನಯದಿಂದ ತಿಳಿಸಿದರೆ ಸಾಕು. ಮುಚ್ಚಿಟ್ಟ ಆಚಾರ ಅನುಮಾನಕ್ಕೆಡೆ. ತಿಳಿಸಿ ಹೇಳಿದ ಆಚಾರ ಗೌರವಕ್ಕೆಡೆ.

ಊಟಕ್ಕಿಂತ ಸೂಕ್ಷ್ಮವಾದುದು ಉಪಚಾರ. ನಮ್ಮಲ್ಲಿ ಅತಿಥಿಯು ಮೊದಲ ಸಲ 'ಬೇಡ' ಎನ್ನುವುದು ಮರ್ಯಾದೆ. ಮನೆಯವರು ಮತ್ತೆ ಮತ್ತೆ ಒತ್ತಾಯಿಸುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಅಲ್ಲಿ 'ಬೇಡ' ಎಂದರೆ ಬೇಡ ಎಂದೇ ಅರ್ಥ. ಮೂರನೆಯ ಒತ್ತಾಯಕ್ಕಾಗಿ ಕಾಯುತ್ತ ಕುಳಿತ ಮಗು ಹಸಿದೇ ಮಲಗಬೇಕಾದೀತು. ಹಾಗೆಯೇ ನಾವು ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ಒಲೆಯುವುದು ಅವರಿಗೆ 'ಇಲ್ಲ' ಎಂದೋ 'ಗೊತ್ತಿಲ್ಲ' ಎಂದೋ ತೋರುತ್ತದೆ. ನಮ್ಮ ಮನೆಯಲ್ಲಿ ನೀರು ಕೊಟ್ಟ ತಾಯಿಗೆ 'ಧನ್ಯವಾದ' ಎಂದರೆ ಅವಳು ನಕ್ಕಾಳು, ಇಲ್ಲವೆ ನೊಂದುಕೊಂಡಾಳು. ಅಲ್ಲಿ ಹೇಳದಿದ್ದರೆ ಮನೆಯವರು ನೊಂದುಕೊಳ್ಳುತ್ತಾರೆ. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಮ್ಮ ಮಕ್ಕಳ ನಾಲಗೆ ಏಳುವುದಿಲ್ಲ. ಅಂಥವರು 'ನಿಮ್ಮನ್ನು ಏನೆಂದು ಕರೆಯಲಿ?' ಎಂದು ಕೇಳಿಬಿಡುವುದು ಲೇಸು. ಇವು ಯಾವುವೂ ಸರಿ ತಪ್ಪುಗಳ ಪ್ರಶ್ನೆಯಲ್ಲ. ಎರಡು ಮನೆಗಳ ಎರಡು ವ್ಯಾಕರಣಗಳು. ಎರಡನೆಯ ವ್ಯಾಕರಣವನ್ನು ಕಲಿತವನಿಗೆ ಮಾತ್ರ ತನ್ನ ಮೊದಲನೆಯದರ ಸೂತ್ರಗಳು ಕಣ್ಣಿಗೆ ಬೀಳುತ್ತವೆ.

ಮನೆಯ ನೆನಪು

ಅಮೆರಿಕದ ಪೂರ್ವ ಕರಾವಳಿಗೂ ಬೆಂಗಳೂರಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಗಳ ಅಂತರ. ಮಾರ್ಚಿಯಿಂದ ನವೆಂಬರಿನವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಒಂಬತ್ತೂವರೆ. ಅಲ್ಲಿ ರಾತ್ರಿ ಏಳಕ್ಕೆ ಮಗು ಊಟ ಮುಗಿಸಿ ಕುಳಿತಾಗ ರಾಜಾಜಿನಗರದಲ್ಲಿ ಮರುದಿನದ ಬೆಳಗಿನ ಐದೂವರೆ; ತಾಯಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಸಮಯ. ನೆನಪು ಕಾಡುವುದೂ ಆಗಲೇ. ಮೊದಲ ತಿಂಗಳು ಎಲ್ಲವೂ ಹೊಸತೆಂಬ ಉತ್ಸಾಹ. ಹಗಲು ಕಿರಿದಾಗಿ ಚಳಿ ಬಿದ್ದ ಮೇಲೆ, ದೀಪಾವಳಿಯ ದಿನವೂ ಎಂದಿನಂತೆ ಶಾಲೆಗೆ ಹೋಗಬೇಕಾದಾಗ, ಮನಸ್ಸು ಕುಸಿಯುವುದು ಸಹಜ. ಇದು ದೌರ್ಬಲ್ಯವಲ್ಲ, ರೋಗವೂ ಅಲ್ಲ.

ಹಿಂದೆ ಹೋದವರಿಗೆ ನೀಲಿ ಬಣ್ಣದ ವಿಮಾನಪತ್ರವೊಂದೇ ಆಸರೆ. ಪ್ರಶ್ನೆ ಬರೆದು ಉತ್ತರ ಬರುವಷ್ಟರಲ್ಲಿ ಕಷ್ಟ ತಾನಾಗಿಯೇ ಕರಗಿರುತ್ತಿತ್ತು. ಇಂದು ಮೊಬೈಲಿನಲ್ಲಿ ಮುಖ ನೋಡಿಕೊಂಡೇ ದಿನಕ್ಕೆ ನಾಲ್ಕು ಸಲ ಮಾತನಾಡಬಹುದು. ಈ ಸೌಲಭ್ಯವೇ ಕೆಲವೊಮ್ಮೆ ಅಡ್ಡಿ. ದೇಹ ಅಲ್ಲಿ, ಮನಸ್ಸು ಇಲ್ಲಿ ಎಂದಾದರೆ ಮಗು ಎರಡೂ ಮನೆಗಳಿಗೆ ಸಲ್ಲದು. ಅಲ್ಲಿಯ ತಾಯಿಯೊಡನೆ ಆಡಬೇಕಾದ ಮಾತನ್ನು ಇಲ್ಲಿಯ ತಾಯಿಯೊಡನೆ ಆಡಿ ಮುಗಿಸಿದರೆ ಆ ಮನೆ ಛತ್ರವಾಗಿಯೇ ಉಳಿಯುತ್ತದೆ. ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತುಮಾಡಿಕೊಂಡು ಮಾತನಾಡುವುದು ಹಿತ. ಇಲ್ಲಿ ಪರೀಕ್ಷೆ ನಿಜವಾಗಿ ತಂದೆತಾಯಿಗಳದು. ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ಹೊತ್ತಾದರೂ ಕರೆ ಮಾಡಬೇಕೆಂಬುದು ಇದಕ್ಕೆ ಅಪವಾದ.

ಒಂದು ವರ್ಷ ನಷ್ಟವೇ?

ಮೂರನೆಯ ಪ್ರಶ್ನೆಗೆ ನೇರವಾದ ಉತ್ತರ: ಹೌದು, ಲೆಕ್ಕದಲ್ಲಿ ಒಂದು ವರ್ಷ ಹೋಗುತ್ತದೆ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವುದು ಬೇಸಗೆಯಲ್ಲಿ. ಅಲ್ಲಿಯ ಶಾಲೆ ಆರಂಭವಾಗುವುದು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ, ಮುಗಿಯುವುದು ಮುಂದಿನ ಮೇ, ಜೂನಿನಲ್ಲಿ. ಹತ್ತನೆಯ ತರಗತಿ ಮುಗಿಸಿ ಹೋದವನು ಹಿಂದಿರುಗಿ ಪ್ರಥಮ ಪಿ.ಯು.ಸಿ. ಸೇರುವಾಗ ಅವನ ಸಹಪಾಠಿಗಳು ದ್ವಿತೀಯ ವರ್ಷದಲ್ಲಿರುತ್ತಾರೆ. ಅಲ್ಲಿಯ ಒಂದು ವರ್ಷದ ಅಂಕಪಟ್ಟಿಯು ಇಲ್ಲಿಯ ಪಿ.ಯು.ಸಿ.ಗೆ ಸಮವೆಂದು ಭಾವಿಸಿ ಹೊರಡುವುದು ಅಪಾಯ. ವಿನಿಮಯ ವಿದ್ಯಾರ್ಥಿಗೆ ಅಲ್ಲಿಯ ಪದವಿಪತ್ರ ಸಿಗುವುದೆಂಬ ಭರವಸೆಯೂ ಇಲ್ಲ. ಮುಂದೆ ಸೇರಬೇಕಾದ ಕಾಲೇಜಿನ ಪ್ರಾಂಶುಪಾಲರನ್ನು ಮೊದಲೇ ಕಂಡು, ಬರಹದಲ್ಲಿ ಉತ್ತರ ಪಡೆದು ಹೊರಡಬೇಕು.

ಆದರೆ ನಷ್ಟವನ್ನು ಅಳೆಯುವ ಕೋಲು ಯಾವುದು? ಗೋಕಾಕ ಸೀಮೆಯ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡು ಬಂದು, ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಧಾರವಾಡದಲ್ಲಿ ಅದನ್ನು ಕಟ್ಟಿ ಬೆಳೆಸಿದರು. ಅವರು ಹೋದದ್ದು ಪ್ರೌಢಶಾಲೆಗಲ್ಲ, ನಿಜ. ಆದರೆ ಹೊರಗೆ ಕಂಡದ್ದನ್ನು ಒಳಗೆ ತಂದು ನೆಟ್ಟವನ ಬಾಳಿನಲ್ಲಿ ಹೊರಗೆ ಕಳೆದ ವರ್ಷಗಳನ್ನು ಯಾರೂ ನಷ್ಟದ ಬಾಬತ್ತಿಗೆ ಬರೆಯುವುದಿಲ್ಲ. ಯಾವ ಮಗುವಿಗೆ ಈ ವರ್ಷ ಬೀಜವಾಗುತ್ತದೆ, ಯಾವ ಮಗುವಿಗೆ ಬರಿಯ ಬಿಡುವಾಗುತ್ತದೆ ಎಂಬುದನ್ನು ಗುರುತಿಸುವ ಹೊಣೆ ಅಧ್ಯಾಪಕರದು. ಅಂಕಗಳಲ್ಲಿ ಮುಂದಿರುವ ಮಗುವೇ ಇದಕ್ಕೆ ತಕ್ಕದ್ದೆಂದೇನೂ ಇಲ್ಲ. ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ, ಸೋತಾಗ ನಗಬಲ್ಲ, ತಪ್ಪಾದಾಗ ಕ್ಷಮೆ ಕೇಳಬಲ್ಲ ಮಗುವೇ ತಕ್ಕದ್ದು.

ಹಿಂದಿರುಗಿದ ಮೇಲೆ

ನಾಲ್ಕನೆಯ ಪ್ರಶ್ನೆ ಉಳಿಯಿತು. ಹಿಂದಿರುಗಿ ಬಂದ ಮಗು ಹೋದ ಮಗುವಾಗಿರುವುದಿಲ್ಲ; ಆಗಿರಬೇಕೆಂದು ಬಯಸುವುದಾದರೆ ಕಳುಹಿಸಲೇಬಾರದು. ಅದು ಕೆಲವು ದಿನ ಇಲ್ಲಿಯ ಗದ್ದಲವನ್ನು ದೂರುತ್ತದೆ, ಮಾತಿಗೆ ಮುಂಚೆ ಎದುರು ಪ್ರಶ್ನೆ ಹಾಕುತ್ತದೆ, ಬಾಗಿಲು ಹಾಕಿಕೊಂಡು ಒಬ್ಬಂಟಿಯಾಗಿ ಕೂರುತ್ತದೆ. ಅದೇ ಮಗು ತಾನೇ ಎದ್ದು ತಟ್ಟೆ ತೊಳೆಯುತ್ತದೆ, ಅಜ್ಜಿಯ ಊರಿನ ಹೆಸರನ್ನು ಮೊದಲ ಬಾರಿಗೆ ಕೇಳುತ್ತದೆ, ಕನ್ನಡದ ಪತ್ರಿಕೆಯನ್ನು ತೆರೆದು ನೋಡುತ್ತದೆ. ದೂರುವುದಕ್ಕೂ ಅರಸುವುದಕ್ಕೂ ಮೂಲ ಒಂದೇ. ತಂದೆತಾಯಿಗಳು ದೂರನ್ನು ಸಹಿಸಿದರೆ ಅರಸುವುದು ಉಳಿಯುತ್ತದೆ.

ಈಗ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ವಿನಿಮಯ ಎಂಬ ಶಬ್ದದಲ್ಲಿ ಕೊಡುವುದೂ ಇದೆ, ಕೊಳ್ಳುವುದೂ ಇದೆ. ನಮ್ಮಲ್ಲಿ ಮಕ್ಕಳನ್ನು ಕಳುಹಿಸಲು ಉತ್ಸಾಹವಿರುವಷ್ಟು ಪರದೇಶದ ಮಗುವನ್ನು ಮನೆಯೊಳಗೆ ಬರಮಾಡಿಕೊಳ್ಳಲು ಇಲ್ಲ. 'ನಮ್ಮ ಮನೆ ಚಿಕ್ಕದು, ಊಟ ಅವರಿಗೆ ಖಾರ' ಎಂಬ ಸಂಕೋಚ ಅಡ್ಡಬರುತ್ತದೆ. ಅರಮನೆಯನ್ನು ಯಾರೂ ಕೇಳುವುದಿಲ್ಲ. ಹಾಸಿಗೆಯೊಂದು, ಅಕ್ಕರೆಯೊಂದು ಸಾಕು. ಪ್ರಯಾಣವೆಚ್ಚ ಭರಿಸಲಾರದ ಯೋಗ್ಯ ಮಗುವನ್ನು ಕಳುಹಿಸಲು ನೆರವಾಗುವುದು ಒಂದು ದಾನವಾದರೆ, ದೂರದೇಶದ ಮಗುವಿಗೆ ಒಂದು ವರ್ಷ ಅನ್ನವಿಕ್ಕುವುದು ಅದಕ್ಕಿಂತ ಕಡಿಮೆಯದಲ್ಲ. ಒಮ್ಮೆ ಹಳ್ಳಿಯಿಂದ ಬಂದು ಪ್ರಸಾದನಿಲಯದ ಪಂಕ್ತಿಯಲ್ಲಿ ಅಂಜುತ್ತ ಕುಳಿತಿದ್ದವರಿಗೆ, ಪರರ ಊರಿನಲ್ಲಿ ಮೊದಲ ರಾತ್ರಿ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂದು ನಮಗೆ ಎಲೆ ಹಾಕಿದವರ ಋಣವನ್ನು ಅವರಿಗೇ ಹಿಂದಿರುಗಿಸಲು ಬಾರದು. ಬಾಗಿಲಿಗೆ ಬಂದ ಮತ್ತೊಂದು ಮಗುವಿಗೆ ಎಲೆ ಹಾಕಿಯೇ ಅದನ್ನು ತೀರಿಸಬೇಕು.